ದಾವಣಿ ಕಟ್ಟಿದ ಊರು

ದಾವಣಗೆರೆಯ ಆಟೋದವರಿಗೆ ‘ಡಿಸಿಎಂ ಟೌನ್‌ಷಿಪ್’ ಎಂದರೆ ಸಾಕು, ಮರುಮಾತಿಲ್ಲದೆ ಗಾಡಿ ತಿರುಗಿಸುತ್ತಾರೆ. ಊರಿಗೆ ಹೊಸದಾಗಿ ಬಂದ ಕಾಲೇಜು ಹುಡುಗನೊಬ್ಬ, ‘ಅದನ್ನ ಯಾವ ಉಪಮುಖ್ಯಮಂತ್ರಿ ಕಟ್ಟಿಸಿದ್ದು ಅಂಕಲ್?’ ಎಂದು ಕೇಳಿದ. ‘ಉಪಮುಖ್ಯಮಂತ್ರಿ ಅಲ್ಲಪ್ಪಾ, ದಾವಣಗೆರೆ ಕಾಟನ್ ಮಿಲ್ಸು’ ಎಂದೆ. ಸಾವಿರಾರು ಜನರ ಹೊಟ್ಟೆ ಹೊರೆದ ಮಿಲ್ಲು ಮೂರಕ್ಷರಕ್ಕಿಳಿದು, ಆ ಅಕ್ಷರವೂ ಬೇರೆಯವರ ಪಾಲಾಗುತ್ತಿದೆಯಲ್ಲ ಎನ್ನಿಸಿ ಇದನ್ನು ಬರೆಯಲು ಕೂತೆ.

ಲೆಕ್ಕ ಬೇಕಾದವರಿಗೆ: 2011ರ ಜನಗಣತಿಯಲ್ಲಿ ಊರಿನ ಜನ ಸುಮಾರು 4.35 ಲಕ್ಷ. ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳಲ್ಲಿ ನಮ್ಮದೂ ಒಂದು. ರಸ್ತೆ ಅಗೆದದ್ದು ಎಲ್ಲರಿಗೂ ನೆನಪಿದೆ.

ಊರ ಹೆಸರಿನ ಜಗಳ ಹಳೆಯದು. ದವನದಿಂದ ಬಂತು ಎನ್ನುವವರಿದ್ದಾರೆ, ದೇವನಗರಿ ಎನ್ನುವವರಿದ್ದಾರೆ. ನನ್ನ ಒಲವು ದಾವಣಿಯ ಕಡೆಗೆ. ದಾವಣಿ ಎಂದರೆ ದನ, ಕುದುರೆಗಳನ್ನು ಸಾಲಾಗಿ ಕಟ್ಟುವ ಹಗ್ಗ. ದಾವಣಿ ಹಾಕುತ್ತಿದ್ದ ಕೆರೆ ದಾವಣಿಗೆರೆ. ಚಾಲುಕ್ಯರ ಕುದುರೆಗಳು ಇಲ್ಲಿ ದಣಿವಾರಿಸಿಕೊಂಡವು ಎಂಬ ಐತಿಹ್ಯ ಕೇಳಲು ಚಂದ. ನನಗೆ ಮಾತ್ರ ಅಲ್ಲಿ ಕಾಣುವುದು ಹೇರೆತ್ತುಗಳು. ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ತಿರುವಿ ನೋಡಿ: ಮಲೆನಾಡಿನ ನಗರ ಸೀಮೆಯ ಅಡಿಕೆ, ಮೆಣಸು ಈ ಪೇಟೆಯ ಮೂಲಕ ತಮಿಳು ಸೀಮೆಯ ವಾಲಾಜಾಪೇಟೆಗೆ ಹೋಗುತ್ತಿತ್ತು, ಮದರಾಸಿನ ಕಡೆಯ ಸರಕು, ಉಪ್ಪು ಈಚೆಗೆ ಬರುತ್ತಿತ್ತು. ಹೈದರಾಲಿ ಈ ಊರನ್ನು ಅಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟನೆಂದೂ, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದೂ ಅಲ್ಲೇ ಇದೆ. ಇಲ್ಲಿ ನೇಯುತ್ತಿದ್ದ ಕಂಬಳಿಗಳಲ್ಲಿ ನೀರು ಇಳಿಯದಂಥವೂ ಇದ್ದವಂತೆ. ಪೇಟೆ ಮೊದಲು ಬಂತು, ಕಾರ್ಖಾನೆ ಆಮೇಲೆ. ನಮ್ಮವರು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಎದೆಯುಬ್ಬಿಸುವಾಗ ಇದನ್ನೇ ಮರೆಯುತ್ತಾರೆ.

1930ರ ದಶಕದಲ್ಲಿ ಮಿಲ್ಲಿನ ಕಾಲ ಶುರುವಾಯಿತು. ಸುತ್ತಲಿನ ಎರೆಹೊಲದ ಹತ್ತಿ, ಪುಣೆ ಕಡೆಗಿನ ರೈಲು, ಪೇಟೆಯಲ್ಲಿ ಕೂಡಿದ ಸಾಹುಕಾರರ ದುಡ್ಡು ಮೂರೂ ಒಂದಾದವು. ಕಾರ್ಮಿಕರ ಬಲ ಎಷ್ಟಿತ್ತೆಂದರೆ ಕಮ್ಯುನಿಸ್ಟ್ ಪಕ್ಷದ ಪಂಪಾಪತಿ 1978, 1983, 1985ರಲ್ಲಿ ಇಲ್ಲಿಂದ ಗೆದ್ದು ವಿಧಾನಸಭೆಗೆ ಹೋದರು. ಆಮೇಲೆ ಯಂತ್ರಗಳು ಮುದಿಯಾದವು, ಪವರ್‌ಲೂಮಿನ ಅಗ್ಗದ ಬಟ್ಟೆಯೆದುರು ನಿಲ್ಲಲಾಗಲಿಲ್ಲ. ಮಾಲೀಕರು ಯೂನಿಯನ್ನನ್ನು ದೂರಿದರು, ಯೂನಿಯನ್ ಮಾಲೀಕರನ್ನು. ಮಿಲ್ಲುಗಳು ಒಂದೊಂದಾಗಿ ಕೂಗುವುದನ್ನು ಬಿಟ್ಟವು. ಅಷ್ಟರಲ್ಲಿ 1965ರ ಜೆಜೆಎಂ ಮೆಡಿಕಲ್, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳು ಬೆಳೆದಿದ್ದವು. ಊರು ಹಾಸ್ಟೆಲ್ಲು, ಮೆಸ್ಸು, ಬಾಡಿಗೆ ಕೋಣೆಗಳ ಮೇಲೆ ನಿಂತಿತು. ಬೆಣ್ಣೆದೋಸೆ ಬಗ್ಗೆ ಬರೆಯುವವರು ಬೇಕಾದಷ್ಟು ಜನರಿದ್ದಾರೆ, ನಾನು ಬೇಡ.

ಈ ಏರಿಳಿತದಲ್ಲೆಲ್ಲ ಒಲೆ ಆರಿಸದೆ ಉಳಿದದ್ದು ಮಂಡಕ್ಕಿ ಭಟ್ಟಿ. ಭತ್ತ ನೆನೆಹಾಕಿ, ಹುರಿದು, ಒಣಗಿಸಿ, ಮಿಲ್ಲಿಗೆ ಹಾಕಿಸಿ ತಂದ ಅಕ್ಕಿಗೆ ಉಪ್ಪುನೀರು ಹಚ್ಚುತ್ತಾರೆ. ಕೆಂಪಗೆ ಕಾದ ಮರಳಿಗೆ ಅದನ್ನು ಸುರಿದರೆ ಕಣ್ಣು ಮಿಟುಕಿಸುವುದರೊಳಗೆ ಚಟಪಟನೆ ಅರಳುತ್ತದೆ. ಒಂದುಸಿರು ತಡವಾದರೆ ಸೀದುಹೋಗುತ್ತದೆ. ಜರಡಿಗೆ ಹಾಕಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಹೊಗೆ ಎದೆಗೆ ಇಳಿಯುತ್ತದೆ, ಆ ಮಾತನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ಆದರೆ ಊರಿನ ಯೋಜನೆಗಳಲ್ಲಿ ಭಟ್ಟಿ ಕಾಣುವುದೇ ಹೊಗೆಯ ದೂರಾಗಿ. ಅದೂ ಒಂದು ಕೈಗಾರಿಕೆ ಎಂದಲ್ಲ. ಹೊಗೆ ಕಡಿಮೆ ಮಾಡುವ ಒಲೆಗೆ ದುಡ್ಡು ಹಾಕುವುದು ರಸ್ತೆಗೆ ಬಣ್ಣದ ಕಲ್ಲು ಹಾಸುವುದಕ್ಕಿಂತ ಕಷ್ಟವೇ?

ನಾಳೆಯ ಮಾತು ಬಂದಾಗ ಎಲ್ಲರೂ ಸಾಫ್ಟ್‌ವೇರ್ ಎನ್ನುತ್ತಾರೆ. ಬರಲಿ. ಆದರೆ ಕೈಯಲ್ಲಿರುವುದನ್ನೂ ನೋಡಿ: ಭದ್ರಾ ನಾಲೆಯ ಭತ್ತ, ಮಳೆಯಾಶ್ರಯದ ಮೆಕ್ಕೆಜೋಳ ನಮ್ಮ ಎಪಿಎಂಸಿಗೆ ರಾಶಿ ಬೀಳುತ್ತದೆ. ಆ ಮೆಕ್ಕೆಜೋಳದ ಚೀಲ ಲಾರಿ ಹತ್ತಿ ಹೋಗಿ, ಬೇರೆಡೆ ಕೋಳಿ ಆಹಾರವೋ ಸ್ಟಾರ್ಚೋ ಆಗುತ್ತದೆ. ನಮಗೆ ಉಳಿಯುವುದು ಹಮಾಲಿಯ ಕೂಲಿ, ದಲಾಲಿಯ ಕಮಿಷನ್ನು.

ಮೊನ್ನೆ ಭಟ್ಟಿಯ ಬಾಗಿಲಲ್ಲಿ ನಿಂತು, ಜರಡಿ ಹಿಡಿದಿದ್ದ ಹೆಂಗಸನ್ನು, ‘ಮಗ ಏನ್ ಮಾಡ್ತಾನಕ್ಕಾ?’ ಎಂದು ಕೇಳಿದೆ. ‘ಬೆಂಗ್ಳೂರಾಗೆ ಕಂಪ್ನಿ ಕೆಲ್ಸ ರೀ. ಬಂದಾಗೆಲ್ಲ ಚೀಲ ಮಂಡಕ್ಕಿ ಒಯ್ತಾನೆ’ ಎಂದು ಆಕೆ ಜರಡಿ ಕೊಡವಿದಳು.