ಹತ್ತು ವಾರಾಂತ್ಯ, ಹದಿನಾಲ್ಕು ಸೇತುವೆ

ಅಮೆರಿಕದ ಬಾಸ್ಟನ್ ಬಳಿಯ ಮೆಡ್‌ಫರ್ಡ್‌ನಲ್ಲಿ 2010ರ ಆಗಸ್ಟ್‌ನಲ್ಲಿ ಐ-93 ಹೆದ್ದಾರಿಯ ಸೇತುವೆಯೊಂದರಲ್ಲಿ ತೂತು ಬಿತ್ತು. ಅರ್ಧ ಶತಮಾನ ಭಾರ ಹೊತ್ತ ಕಾಂಕ್ರೀಟು ಜೀರ್ಣವಾಗಿತ್ತು. ಹಿಮ ಕರಗಿಸಲು ಚೆಲ್ಲುವ ಉಪ್ಪು ಇಂಥ ಸೇತುವೆಗಳೊಳಗಿನ ಕಬ್ಬಿಣವನ್ನೂ ತಿನ್ನುತ್ತದೆ. ತೇಪೆ ಸಾಲದು, 14 ಸೇತುವೆಗಳ ಮೇಲ್ಭಾಗವನ್ನೇ ಬದಲಿಸಬೇಕಿತ್ತು. ಹಳೆಯ ಪದ್ಧತಿಯಲ್ಲಾದರೆ ಸುಮಾರು 4 ವರ್ಷದ ಕೆಲಸ. ಅಷ್ಟು ಕಾಲ ಊರು ಹೇಗೆ ಸಹಿಸೀತು?

ಎಂಜಿನಿಯರುಗಳು ಉಕ್ಕಿನ ತೊಲೆಗೆ ಕಾಂಕ್ರೀಟು ಕೂಡಿಸಿದ ತುಂಡುಗಳನ್ನು ಬೇರೆಡೆ ಮೊದಲೇ ಸಿದ್ಧಪಡಿಸಿದರು. 2011ರ ಬೇಸಿಗೆಯಲ್ಲಿ, ಶುಕ್ರವಾರ ರಾತ್ರಿ ಹೆದ್ದಾರಿಯ ಒಂದು ಪಾರ್ಶ್ವ ಮುಚ್ಚಿ, ವಾಹನಗಳನ್ನೆಲ್ಲ ಇನ್ನೊಂದಕ್ಕೆ ತಿರುಗಿಸಿದರು. ಹಳೆಯದನ್ನು ಕೆಡವಿ, ಕ್ರೇನಿನಿಂದ ತುಂಡುಗಳನ್ನಿಳಿಸಿ, ಸಂದುಗಳಿಗೆ ಬೇಗ ಗಟ್ಟಿಯಾಗುವ ಕಾಂಕ್ರೀಟು ತುಂಬಿದರು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಹೊಸ ಸೇತುವೆಯ ಮೇಲೆ ಸಾಗಿದರು.

10 ವಾರಾಂತ್ಯಗಳಲ್ಲಿ 14 ಸೇತುವೆಗಳೂ ಮುಗಿದವು. ಕಣ್ಣಿಗೆ ಕಂಡದ್ದು ವೇಗ. ಅದರ ಹಿಂದಿದ್ದದ್ದು ತಿಂಗಳುಗಳ ಸಿದ್ಧತೆ.