ಹಳಿಗೆ ಕಾವಲುಂಟು, ರಸ್ತೆಗೆ?

ಹೆದ್ದಾರಿಗೆ ಸೇತುವೆಗಳು ಬರುವ ಮುನ್ನ ಕರಾವಳಿಯ ಪಯಣವೆಂದರೆ ಕಡವಿನಿಂದ ಕಡವಿಗೆ. ಹೊಳೆ ಬಂದಲ್ಲಿ ಇಳಿಯಬೇಕು, ದೋಣಿ ಹತ್ತಬೇಕು, ಆಚೆ ದಡದಲ್ಲಿ ಇನ್ನೊಂದು ಬಸ್ಸಿಗೆ ಕಾಯಬೇಕು. ಮಳೆಗಾಲದಲ್ಲಿ ಅಂಬಿಗನ ಮಾತೇ ಕೊನೆ. ಕೆಂಪು ನೀರು ಏರಿದ್ದರೆ ದೋಣಿ ಬಿಡುವುದಿಲ್ಲ, ಅಷ್ಟೆ.

ಸೇತುವೆ ಬಂದ ಮೇಲೆ ಹಾಗೆ ‘ಬೇಡ’ ಎನ್ನುವವರು ಯಾರು?

ಹಳಿಯ ಮೇಲಾದರೆ ಇದಕ್ಕೆ ಉತ್ತರವಿದೆ. ಮಂಗಳೂರು–ಉಡುಪಿ ನಡುವೆ ರೈಲು ಓಡಲು ಶುರುವಾದದ್ದು 1993ರ ಮಾರ್ಚ್ 20ರಂದು. ಕೊಂಕಣ ರೈಲ್ವೆಯ ರೋಹಾ–ತೋಕೂರು ನಡುವಿನ 741 ಕಿ.ಮೀ. ಹಳಿ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಕಾವಲಿನ ಪಾಠ ಕಲಿತದ್ದು ಮಾತ್ರ ಪೆಟ್ಟು ತಿಂದ ಮೇಲೆ. 2003ರ ಜೂನ್ 22ರ ರಾತ್ರಿ ಮಹಾರಾಷ್ಟ್ರದ ವೈಭವವಾಡಿ ಬಳಿ ಹಳಿಗೆ ಉರುಳಿದ ಬಂಡೆಗಳಿಂದ ರೈಲು ಅಪಘಾತಕ್ಕೀಡಾಗಿ ಸುಮಾರು 50 ಜನ ಸತ್ತರು. ಮರುವರ್ಷದ ಜೂನ್‌ನಲ್ಲಿ, ಉಡುಪಿ ದಾಟಿ ಮುಂಬೈಗೆ ಹೊರಟಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸೇ ಮಹಾಡ್ ಸಮೀಪ ಸೇತುವೆಯ ಬಳಿ ಹಳಿ ತಪ್ಪಿತು.

ಆಮೇಲೆ ಗುಡ್ಡ ಕಡಿದ ಕಡೆಗಳಿಗೆ ಬಲೆ ಬಂತು, ಬಲೆಗೆ ಬಂಡೆ ಬಿದ್ದರೆ ಎಚ್ಚರಿಸುವ ‘ರಕ್ಷಾ ಧಾಗಾ’ ಬಂತು, ಮಣ್ಣಿನ ಜರುಗಾಟ ಅಳೆಯುವ ಇನ್‌ಕ್ಲಿನೋಮೀಟರ್ ಬಂತು. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಗಾಳಿಯ ವೇಗ ಅಳೆಯುವ ಅನಿಮೋಮೀಟರ್ ಇದೆ. ತಾನಾಗಿ ಮಳೆ ದಾಖಲಿಸುವ ಮಾಪಕ ಇರುವ ನಿಲ್ದಾಣಗಳಲ್ಲಿ ಭಟ್ಕಳದ ಜೊತೆ ಉಡುಪಿಯೂ ಒಂದು. ಜೋರು ಮಳೆಗೆ ದಾರಿ ಕಾಣದಾದರೆ ರೈಲಿನ ವೇಗ ಗಂಟೆಗೆ 40 ಕಿ.ಮೀ.ಗೆ ಇಳಿಯುತ್ತದೆ. ಯಂತ್ರಗಳಿವೆಯೆಂದು ಮನುಷ್ಯನನ್ನು ಮನೆಗೆ ಕಳಿಸಿಲ್ಲ. ರೇನ್‌ಕೋಟು ತೊಟ್ಟು, ಕೈಯಲ್ಲಿ ಟಾರ್ಚು, ಚೀಲದಲ್ಲಿ ಡಿಟೋನೇಟರ್ ಇಟ್ಟುಕೊಂಡು ಗಸ್ತಿನವನು ರಾತ್ರಿಯಿಡೀ ಹಳಿಗುಂಟ ನಡೆಯುತ್ತಾನೆ. ಅಪಾಯ ಕಂಡರೆ ಡಿಟೋನೇಟರನ್ನು ಹಳಿಗೆ ಕಟ್ಟುತ್ತಾನೆ. ರೈಲಿನ ಗಾಲಿ ಹತ್ತಿದೊಡನೆ ಅದು ಸಿಡಿದು ಚಾಲಕನನ್ನು ಎಚ್ಚರಿಸುತ್ತದೆ.

ಇವೆಲ್ಲ ಹೆಚ್ಚಾಗಿ ಹೊರಗಿನ ಗಾಳಿ, ಮಳೆ, ಮಣ್ಣಿನ ಸುದ್ದಿ ಹೇಳುತ್ತವೆ. ಸೇತುವೆಯ ಒಳಗಿನ ಸುದ್ದಿ ಬೇರೆ. ಕಾಪುವಿನಂಥ ಕಡಲಂಚಿನಲ್ಲಿ ಉಪ್ಪುಗಾಳಿ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ, ಮೇಲಿನ ಕಾಂಕ್ರೀಟನ್ನು ಸೀಳುತ್ತದೆ. ಕಣ್ಣಿಗೆ ಬಿರುಕು ಕಾಣುವ ಹೊತ್ತಿಗೆ ಒಳಗೆ ಬಹಳಷ್ಟು ಆಗಿಹೋಗಿರುತ್ತದೆ. ಉಗುರಿನಷ್ಟಗಲದ ಸ್ಟ್ರೇನ್ ಗೇಜನ್ನು ತೊಲೆಗೆ ಅಂಟಿಸಿದರೆ, ಭಾರಕ್ಕೆ ತೊಲೆ ಎಷ್ಟು ಹಿಗ್ಗಿತು, ಕುಗ್ಗಿತು ಎಂಬುದು ವಿದ್ಯುತ್ ರೋಧದ ಬದಲಾವಣೆಯಲ್ಲಿ ತಿಳಿಯುತ್ತದೆ. ಸೇತುವೆಯ ಕಂಪನದ ಲಯ ಬದಲಾದರೂ ಎಲ್ಲೋ ಬಿಗಿ ತಪ್ಪಿರಬಹುದೆಂದು ಅನುಮಾನಿಸಬಹುದು.

ಇದು ಬರಿಯ ಪುಸ್ತಕದ ಮಾತಲ್ಲ. ರಾಮೇಶ್ವರದ ಹಳೆಯ ಪಂಬನ್ ಸೇತುವೆ 1914ರದು, ಉಪ್ಪಿನಲ್ಲೇ ನಿಂತದ್ದು. ಹಡಗಿಗೆ ದಾರಿ ಬಿಡಲು ತೆರೆಯುವ ಅದರ ಭಾಗದಿಂದ 2022ರ ಡಿಸೆಂಬರಿನಲ್ಲಿ ಸೆನ್ಸರ್‌ಗಳು ಅಪಾಯದ ಸೂಚನೆ ಕೊಟ್ಟವು. ರೈಲು ನಿಲ್ಲಿಸಿದರು. 2025ರ ಏಪ್ರಿಲ್‌ನಲ್ಲಿ ಪಕ್ಕದ ಹೊಸ ಸೇತುವೆ ಉದ್ಘಾಟನೆಯಾಯಿತು.

ನಮ್ಮದೇ ಹೆದ್ದಾರಿ 66ರಲ್ಲಿ, ಕಾರವಾರದ ಕಾಳಿ ನದಿಯ ನಾಲ್ಕು ದಶಕ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿಯಲ್ಲಿ ಕುಸಿದಾಗ ಮೇಲೆ ಲಾರಿಯೊಂದಿತ್ತು. ಚಾಲಕ ಬದುಕಿದ್ದು ಪುಣ್ಯ. ಸೇತುವೆಯ ಕ್ಷಮತೆಯ ಚರ್ಚೆ ಜೋರಾದದ್ದು ಅದು ಬಿದ್ದ ಮೇಲೆಯೇ.

ಉದ್ಯಾವರ, ಕಲ್ಯಾಣಪುರ, ಮಾಬುಕಳದ ಸೇತುವೆಗಳ ಮೇಲೆ ಕಾಪು, ಉಡುಪಿ, ಕಾರ್ಕಳದವರೆಲ್ಲ ಓಡಾಡುತ್ತಾರೆ. ಅವುಗಳಿಗೆ ಸೆನ್ಸರ್ ಅಳವಡಿಸಬೇಕು. ಅದಕ್ಕೂ ಮೊದಲು, ಪ್ರತಿ ಮಳೆಗಾಲದ ಮುಂಚೆ ತಪಾಸಣೆ ನಡೆಸಿ, ವರದಿಯನ್ನು ಆಯಾ ಗ್ರಾಮ ಪಂಚಾಯತಿಯ ನೋಟಿಸ್ ಬೋರ್ಡಿನಲ್ಲಿ ಹಾಕಲಿ.