ಹಳೆಯ ನಾಣ್ಯ ತಿಕ್ಕುವ ಮೊದಲು: ಕೊಲ್ಹಾಪುರದ ಸೀಸದ ನಾಣ್ಯಗಳು ಕಲಿಸುವ ಪಾಠ



ನಮ್ಮ ಮುರಗೂಡದ ಹಳೆಯ ಮನೆಗಳಲ್ಲಿ ಟ್ರಂಕು ತೆಗೆದರೆ ಒಂದೆರಡು ಹಳೆಯ ನಾಣ್ಯ ಸಿಕ್ಕೇ ಸಿಗುತ್ತವೆ. ಇತ್ತೀಚೆಗೆ ನಮ್ಮ ಯುವಕೂಟಕ್ಕೆ ಒಬ್ಬರು ತಮ್ಮ ಅಜ್ಜಿಯ ಗಂಟಿನಿಂದ 1835ರ ಈಸ್ಟ್ ಇಂಡಿಯಾ ಕಂಪನಿಯ ತಾಮ್ರದ ಕಾಲಾಣೆ ತಂದರು. ನಾಣ್ಯ ಕಪ್ಪಾಗಿತ್ತು. ತಾಮ್ರದ ಕೊಡ ಬೆಳಗಿದಂತೆ ನಾವು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದೆವು. ಥಳಥಳ ಹೊಳೆಯಿತು. ಆದರೆ ಇಸವಿಯ ಕೊನೆಯ ಅಂಕಿ ಮಾಸಿಹೋಯಿತು. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು, "ಇದು ನಮ್ಮದ ಹೌದೇನ?" ಎಂದು ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ.

ನಾವು ಕಳೆದದ್ದು ಏನೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲಾಸ್ಥಳ ಕೊಲ್ಹಾಪುರದಲ್ಲಿ, ಪಂಚಗಂಗೆಯ ದಂಡೆಯ ಮೇಲೆ ಬ್ರಹ್ಮಪುರಿ ದಿಬ್ಬವಿದೆ. 1945-46ರಲ್ಲಿ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತ ಅವರು ಅಲ್ಲಿ ಉತ್ಖನನ ನಡೆಸಿ ಶಾತವಾಹನರ ಕಾಲದ ಊರನ್ನು ಬೆಳಕಿಗೆ ತಂದರು. ಅಲ್ಲಿ ಸಿಕ್ಕ ಪೊಸೈಡನ್ ಎಂಬ ಗ್ರೀಕ್ ಸಮುದ್ರದೇವತೆಯ ಕಂಚಿನ ಪುಟ್ಟ ಮೂರ್ತಿ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲೇ ನಮ್ಮ ಸೀಮೆಗೆ ರೋಮನ್ ಜಗತ್ತಿನ ನಂಟಿತ್ತು.

ಆ ಕಾಲದಲ್ಲಿ ಇಲ್ಲಿ ಆಳಿದ ಕುರ ಅರಸರು ಸೀಸದ ನಾಣ್ಯಗಳನ್ನು ಹೊರಡಿಸಿದ್ದರು. ಒಂದು ಬದಿಗೆ ಕಮಾನುಗಳ ಬೆಟ್ಟ ಮತ್ತು ಮರ, ಇನ್ನೊಂದು ಬದಿಗೆ ಬಿಲ್ಲುಬಾಣ, ಸುತ್ತಲೂ ಬ್ರಾಹ್ಮಿ ಅಕ್ಷರಗಳಲ್ಲಿ ಅರಸನ ಹೆಸರು. 19ನೇ ಶತಮಾನದಲ್ಲಿ ಪಂಡಿತ ಭಗವಾನಲಾಲ ಇಂದ್ರಜಿ ಅವುಗಳನ್ನು ಅಭ್ಯಾಸ ಮಾಡಿದರು. ವಿಳಿವಾಯಕುರ, ಶಿವಲಕುರ, ಮತ್ತೊಬ್ಬ ವಿಳಿವಾಯಕುರ ಎಂದು ಮೂವರ ಹೆಸರು ದೊರೆತವು. ಇವರಲ್ಲಿ ಮೊದಲಿಗರು ಯಾರು? ಅದಕ್ಕೂ ನಾಣ್ಯಗಳೇ ಸಾಕ್ಷಿ ಹೇಳಿದವು. ನಂತರದ ಅರಸ ಹಿಂದಿನವನ ನಾಣ್ಯದ ಮೇಲೆಯೇ ತನ್ನ ಮುದ್ರೆ ಒತ್ತಿದ್ದ; ಕೆಳಗಿನ ಹಳೆಯ ಮುದ್ರೆ ಮಸುಕಾಗಿ ಉಳಿದಿತ್ತು. ಆ ಮಸುಕು ಗೆರೆಗಳಿಂದಲೇ ಮೂವರ ಅನುಕ್ರಮ ತಿಳಿಯಿತು. ಸುಮಾರು ಕ್ರಿ.ಶ. 150ರಲ್ಲಿ ಟಾಲೆಮಿ ಹಿಪ್ಪೊಕೂರದ ಅರಸನೆಂದು ಹೆಸರಿಸಿದ ಬಲಿಯೊಕೂರೋಸ್ ಈ ವಿಳಿವಾಯಕುರನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಯಾರಾದರೂ ಆ ನಾಣ್ಯಗಳನ್ನು ಬೂದಿ ಹಚ್ಚಿ ತಿಕ್ಕಿದ್ದರೆ ಈ ಚರಿತ್ರೆ ಹುಣಸೆನೀರಿನ ಜೊತೆ ಮೋರಿ ಸೇರುತ್ತಿತ್ತು.

ತಾಮ್ರದ ನಾಣ್ಯದ ಕಪ್ಪು ಅಥವಾ ಗಟ್ಟಿ ಹಸಿರು ಪದರು ಕೊಳೆಯಲ್ಲ. ಲೋಹವೇ ಗಾಳಿ, ತೇವದೊಂದಿಗೆ ಬೆರೆತು ಆದದ್ದು. ಹುಣಸೆ, ಲಿಂಬೆ, ವಿನೆಗರ್‌ಗಳ ಆಮ್ಲ ಅದನ್ನು ಕರಗಿಸುತ್ತದೆ. ಬೂದಿ, ಟೂತ್‌ಪೇಸ್ಟ್ ಅಕ್ಷರಗಳನ್ನೇ ಕೆರೆಯುತ್ತವೆ. ಹಾಗಾದರೆ ಏನು ಮಾಡಬೇಕು? ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ತಾಮ್ರ, ಬೆಳ್ಳಿಯ ನಾಣ್ಯಕ್ಕೆ ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಯಿಡಿ, ನೀರು ಬದಲಿಸುತ್ತಿರಿ. ಆಮೇಲೆ ಮೆತ್ತನೆಯ ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ, ಉಜ್ಜಬೇಡಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕ್ಲೋರೈಡಿನಿಂದ ಬರುವ ರೋಗ, ತೇವದಲ್ಲಿ ಹೆಚ್ಚುತ್ತದೆ. ಅಂಥ ನಾಣ್ಯವನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಒಣಗಿಸಿಟ್ಟು, ತಜ್ಞರಿಗೆ ತೋರಿಸಿ.

ಸೀಸದ ನಾಣ್ಯಕ್ಕೆ ನೀರೂ ಬೇಡ. ಶುದ್ಧ ನೀರು ಸೀಸವನ್ನು ತಿನ್ನುತ್ತದೆ. ಮರದ ಪೆಟ್ಟಿಗೆಯ ಆಮ್ಲದ ಆವಿಯೂ ಅದನ್ನು ಬಿಳಿ ಪುಡಿಯಾಗಿಸುತ್ತದೆ. ಆ ಪುಡಿ ವಿಷ. ಕೈ ತೊಳೆದುಕೊಳ್ಳಿ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಹೊಲ ಉಳುವಾಗ ಹಳೆಯ ನಾಣ್ಯಗಳ ಗಡಿಗೆ ಸಿಕ್ಕರೆ ತೊಳೆಯಲು ಹೋಗದೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1878ರ ನಿಧಿ ಕಾಯಿದೆ ಇದನ್ನು ಕಡ್ಡಾಯ ಮಾಡಿದೆ.

ತೆರಿಗೆಯ ನಾಣ್ಯವನ್ನು ತೋರಿಸಿದಾಗ ಯೇಸುಸ್ವಾಮಿ ಅದರ ಮೇಲಿರುವ ಮುಖ ಯಾರದು, ಬರಹ ಯಾರದು ಎಂದು ಕೇಳಿದ್ದು ನಮಗೆಲ್ಲ ಗೊತ್ತು. ಆ ನಾಣ್ಯದ ಮುಖ, ಬರಹ ಅಳಿಸಿಹೋಗಿದ್ದರೆ ಕೇಳಿದವರು ಉತ್ತರ ಕೊಡಲು ಆಗುತ್ತಿರಲಿಲ್ಲ. ಸಂತ ಲೂಕರ ಶುಭಸಂದೇಶದ ಹೆಣ್ಣುಮಗಳೂ ನಾಣ್ಯ ಕಳೆದಾಗ ದೀಪ ಹಚ್ಚಿ ಮನೆಯನ್ನು ಗುಡಿಸಿದಳು. ಸಿಕ್ಕ ನಾಣ್ಯವನ್ನು ಇದ್ದಂತೆಯೇ ಹಿಡಿದು ಸಂತೋಷಪಟ್ಟಳು.

ಈ ಭಾನುವಾರ ಬಲಿಪೂಜೆಯ ನಂತರ ನಿಮ್ಮ ಮನೆಯ ಹಳೆಯ ನಾಣ್ಯಗಳನ್ನು ತನ್ನಿ, ತೊಳೆಯದೆ ತನ್ನಿ. ಅಜ್ಜ ಅಜ್ಜಿಯರನ್ನೂ ಕರೆತನ್ನಿ. ಅವು ಮನೆಗೆ ಹೇಗೆ ಬಂದವೆಂದು ಅವರ ಬಾಯಿಂದಲೇ ಕೇಳಿ ಬರೆದಿಡೋಣ.